ಎಣ್ಣೆಯೊಳಗೆ ಇಳಿದ ಧೂಳು

ಎರಡೂವರೆ ಲೀಟರ್ ಸಾಮರ್ಥ್ಯದ ಟ್ರ್ಯಾಕ್ಟರ್ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ನಿಮಿಷಕ್ಕೂ ಹತ್ತಿರಹತ್ತಿರ 2500 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಅದೂ ಎಂಥ ಗಾಳಿ! ಬೇಸಿಗೆಯಲ್ಲಿ ಎರೆ ಹೊಲಕ್ಕೆ ರೋಟವೇಟರ್ ಹೊಡೆದರೆ ಬದುವಿನ ಮೇಲೆ ನಿಂತವರ ಮುಖ ಕಾಣುವುದಿಲ್ಲ. ಆ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗ್, ಲೈನರ್ ಎರಡೂ ಸವೆದುಹೋಗುತ್ತವೆ.

ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಇದನ್ನು ತಡೆಯುವುದು ಆಯಿಲ್ ಬಾತ್ ಏರ್ ಕ್ಲೀನರ್. ಅದನ್ನು ಬಿಚ್ಚಿ ತೊಳೆಯುವುದೆಂದರೆ ನನಗೆ ಬಲು ಇಷ್ಟ. ನಡುವಿನ ಕೊಳವೆಯಲ್ಲಿ ರಭಸದಿಂದ ಇಳಿದ ಗಾಳಿ ತಳದ ಬಟ್ಟಲಿನ ಎಣ್ಣೆಗೆ ಅಪ್ಪಳಿಸಿ ಗಕ್ಕನೆ ಮೇಲಕ್ಕೆ ತಿರುಗುತ್ತದೆ. ಗಾಳಿ ತಿರುಗಿತು, ಭಾರದ ಧೂಳು ತಿರುಗಲಾರದು; ಎಣ್ಣೆಯಲ್ಲೇ ಉಳಿಯಿತು. ಗಾಳಿಯ ಜೊತೆ ಹಾರಿದ ಎಣ್ಣೆಯ ಹನಿಗಳು ಮೇಲಿನ ತಂತಿಜಾಲರಿಯನ್ನು ನೆನೆಸಿ, ಉಳಿದ ಧೂಳನ್ನು ಹಿಡಿದು, ತೊಟ್ಟಿಕ್ಕುತ್ತ ಮತ್ತೆ ಬಟ್ಟಲಿಗೇ ಬರುತ್ತವೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಕ್ಲಿಪ್ ಸಡಿಲಿಸಿ ಬಟ್ಟಲು ಇಳಿಸಬೇಕು. ಮೇಲೆ ತೆಳು ಎಣ್ಣೆ, ಬೆರಳಿಳಿಸಿದರೆ ತಳದಲ್ಲಿ ಕಾಡಿಗೆಯಷ್ಟು ನುಣ್ಣನೆಯ ಕಪ್ಪು ರಾಡಿ. ನಿನ್ನೆ ಎಂಜಿನ್ನಿನ ಪಾಲಾಗಬೇಕಿದ್ದ ಹೊಲದ ಮಣ್ಣು ಅದು. ರಾಡಿ ಚೆಲ್ಲಿ, ಬಟ್ಟಲನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ, ಹೊಸ ಎಣ್ಣೆ ಹಾಕಿದರೆ ಮನಸ್ಸಿಗೂ ಹಗುರ.

ಧೂಳು ಹಿಡಿಯುವುದರಲ್ಲಿ ಕಾಗದದ ಫಿಲ್ಟರ್ರೇ ಮೇಲು, ಅದನ್ನು ಒಪ್ಪಲೇಬೇಕು. ಆಯಿಲ್ ಬಾತ್‌ನ ಬಲವೆಲ್ಲ ಗಾಳಿಯ ರಭಸದಲ್ಲಿದೆ. ಎಂಜಿನ್ ನಿಧಾನಕ್ಕೆ ಓಡುವಾಗ ನುಣ್ಣನೆಯ ಧೂಳು ನುಸುಳಿಬಿಡುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲ. ಮೇಲೆ ಧೂಳಿನ ಪದರ ಕೂತಷ್ಟೂ ಅದು ಇನ್ನೂ ಸಣ್ಣ ಕಣ ಹಿಡಿಯುತ್ತದೆ, ಆದರೆ ಗಾಳಿ ಕಟ್ಟುತ್ತ ಹೋಗಿ ಹೊಗೆ ಕಪ್ಪಾಗುತ್ತದೆ. ಟರ್ಬೊ ಇರುವ ಹೊಸ ಎಂಜಿನ್‌ಗಳಿಗೆ ಕಾಗದವೇ ಸರಿ. ಅದನ್ನು ನೆಲಕ್ಕೆ ಬಡಿದು ಧೂಳು ಉದುರಿಸುವುದನ್ನು ಕಂಡರೆ ಮಾತ್ರ ನನ್ನ ಜೀವ ಚುರ್ ಎನ್ನುತ್ತದೆ. ಕಣ್ಣಿಗೆ ಕಾಣದ ಒಂದು ಸೀಳು ಸಾಕು, ಎಂಜಿನ್ ಬೋರಿಗೆ ಬರುತ್ತದೆ.

ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಕಾಗದ ಮೇಲು ಎಂದು ಆಯಿಲ್ ಬಾತ್ ಕಿತ್ತುಹಾಕಬೇಡಿ. ಧೂಳಿನ ಕೆಲಸವಿದ್ದಾಗ ದಿನಾ ಬಟ್ಟಲು ಇಳಿಸಿ ನೋಡಿ. ಎಣ್ಣೆ ಗುರುತಿನ ಮಟ್ಟಕ್ಕೇ ಇರಲಿ; ಹೆಚ್ಚಾದರೆ ಎಂಜಿನ್ ಅದನ್ನೂ ಎಳೆದುಕೊಂಡು ಹಿಡಿತಕ್ಕೆ ಸಿಗದೆ ಓಡೀತು.