ಪಕ್ಕದಲ್ಲೊಬ್ಬರು ಕೂತಿರಬೇಕು

ಕೆನಡಾ ಎಂದೊಡನೆ ನಮಗೆ ನೆನಪಾಗುವುದು ಹಿಮ, ನಯಾಗರ ಜಲಪಾತ, ಮೇಪಲ್ ಎಲೆಯ ಬಾವುಟ. ಅಲ್ಲಿಗೆ ಓದಲು ಹೋಗುವ ಮಕ್ಕಳ ವೀಸಾ, ಫೀಸು, ಬ್ಯಾಂಕ್ ಸಾಲದ ಚಿಂತೆಯೂ ಈಗ ಅದರ ಜೊತೆಗೆ ಸೇರಿಕೊಂಡಿದೆ. ಆದರೆ ಆ ದೇಶದಲ್ಲಿ ಸೆಪ್ಟೆಂಬರ್ 30ರಂದು ಶಾಲೆಯ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೋಗುತ್ತಾರೆಂಬುದು, ಏಕೆ ತೊಡುತ್ತಾರೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದು. ವಿನ್ನಿಪೆಗ್ ನಗರದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರುವವರೆಗೆ ನನಗೂ ಅದರ ಅರಿವಿರಲಿಲ್ಲ.

ಫಿಲಿಸ್ ವೆಬ್‌ಸ್ಟಾಡ್ ಎಂಬ ಹುಡುಗಿಗೆ 1973ರಲ್ಲಿ ಆರು ವರ್ಷ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸೇಂಟ್ ಜೋಸೆಫ್ಸ್ ಮಿಷನ್ ವಸತಿ ಶಾಲೆಗೆ ಹೊರಟ ಆಕೆಗೆ ಅಜ್ಜಿ ಹೊಸದೊಂದು ಕಿತ್ತಳೆ ಬಣ್ಣದ ಅಂಗಿ ಕೊಡಿಸಿದ್ದಳು. ಶಾಲೆಗೆ ಕಾಲಿಟ್ಟ ದಿನವೇ ಅದನ್ನು ಕಳಚಿಸಿ ತೆಗೆದುಕೊಂಡರು. ಮತ್ತೆ ಅದು ಆಕೆಯ ಕೈಗೆ ಬರಲಿಲ್ಲ. ನಲವತ್ತು ವರ್ಷಗಳ ನಂತರ, 2013ರಲ್ಲಿ, ಆಕೆ ಈ ಕತೆಯನ್ನು ಊರವರ ಮುಂದೆ ಹೇಳಿದಳು. ಅಂದಿನಿಂದ ಕಿತ್ತಳೆ ಅಂಗಿಯ ದಿನ ಶುರುವಾಯಿತು. 2021ರಿಂದ ಅದು ರಾಷ್ಟ್ರೀಯ ಆಚರಣೆಯೂ ಆಗಿದೆ. ನನ್ನ ಮೊಮ್ಮಗ ಇದನ್ನು ತನ್ನದೇ ರೀತಿಯಲ್ಲಿ ಹೇಳಿದ: 'ತಾತಾ, ಒಬ್ಬಳ ಅಂಗಿ ಕಿತ್ಕೊಂಡಿದ್ರಂತೆ. ಅದಕ್ಕೆ ನಾವೆಲ್ಲ ಹಾಕ್ಕೋತೀವಿ.'

ವಸತಿ ಶಾಲೆ ಎಂಬ ಮಾತಿಗೆ ನಮ್ಮಲ್ಲಿ ಕೆಟ್ಟ ಹೆಸರಿಲ್ಲ. ನವೋದಯದಲ್ಲೋ ಮೊರಾರ್ಜಿ ದೇಸಾಯಿ ಶಾಲೆಯಲ್ಲೋ ಮಗುವಿಗೆ ಸೀಟು ಸಿಕ್ಕರೆ ಸಿಹಿ ಹಂಚುತ್ತೇವೆ. ನಾನೂ ಹತ್ತನೆಯ ವಯಸ್ಸಿಗೆ ತಗಡಿನ ಟ್ರಂಕು ಹೊತ್ತು ತಾಲ್ಲೂಕು ಕೇಂದ್ರದ ವಿದ್ಯಾರ್ಥಿ ನಿಲಯ ಸೇರಿದವನೇ. ಮೊದಲ ವಾರ ರಾತ್ರಿಯೆಲ್ಲ ಅತ್ತಿದ್ದೆ. ಆದರೆ ಸಂತೆಯ ದಿನ ಅಪ್ಪ ಬರುತ್ತಿದ್ದ, ಅವ್ವ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿಯ ಗಂಟು ತರುತ್ತಿದ್ದ. ದಸರೆಗೆ ಊರಿಗೆ ಹೋಗುತ್ತಿದ್ದೆ. ಪಾಠ ನನ್ನ ಭಾಷೆಯಲ್ಲೇ, ಬೈಗುಳವೂ ನನ್ನ ಭಾಷೆಯಲ್ಲೇ.

ಕೆನಡಾದ ವಸತಿ ಶಾಲೆಯ ಕತೆ ಬೇರೆ. 1880ರ ದಶಕದಿಂದ ಸರ್ಕಾರದ ಹಣದಲ್ಲಿ, ಬಹುಪಾಲು ಚರ್ಚುಗಳ ಆಡಳಿತದಲ್ಲಿ ನಡೆದ ಈ ಶಾಲೆಗಳ ಉದ್ದೇಶವೇ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ, ಭಾಷೆಯಿಂದ, ಆಚಾರದಿಂದ ಬಿಡಿಸುವುದಾಗಿತ್ತು. 1920ರಲ್ಲಿ ಕಾನೂನನ್ನೇ ತಿದ್ದಿ ಹಾಜರಾತಿಯನ್ನು ಕಡ್ಡಾಯ ಮಾಡಲಾಯಿತು. 1,50,000ಕ್ಕೂ ಹೆಚ್ಚು ಮಕ್ಕಳು ಈ ಶಾಲೆಗಳಿಗೆ ಹೋದರು. ಜಡೆ ಕತ್ತರಿಸುತ್ತಿದ್ದರು, ಎಷ್ಟೋ ಕಡೆ ಹೆಸರಿನ ಬದಲು ನಂಬರು ಹಿಡಿದು ಕೂಗುತ್ತಿದ್ದರು. ತಾಯಿನುಡಿ ಆಡಿದರೆ ಏಟು. ಅಕ್ಕ, ತಮ್ಮ ಒಂದೇ ಆವರಣದಲ್ಲಿದ್ದರೂ ಮಾತನಾಡುವಂತಿರಲಿಲ್ಲ. ಕ್ಷಯದಿಂದ ಮಕ್ಕಳು ಸಾಯುತ್ತಿದ್ದಾರೆಂದು ಸರ್ಕಾರದ್ದೇ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲಿ ವರದಿ ಕೊಟ್ಟರೂ ಹೆಚ್ಚೇನೂ ಬದಲಾಗಲಿಲ್ಲ. ಶಾಲೆಗೆ ಹೋಗಿ ಸತ್ತ 4,000ಕ್ಕೂ ಹೆಚ್ಚು ಮಕ್ಕಳ ಲೆಕ್ಕ ಇದುವರೆಗೆ ಸಿಕ್ಕಿದೆ. ಹೊಡೆತಕ್ಕೆ, ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದವರು ಸಾವಿರಾರು ಮಂದಿ. ಕೊನೆಯ ಶಾಲೆಗಳು ಮುಚ್ಚಿದ್ದು 1996-97ರಲ್ಲಿ. ಎಂದರೆ ಇದು ಅಜ್ಜ ಮುತ್ತಜ್ಜರ ಕಾಲದ ಕತೆಯಲ್ಲ. ಹಾಗೆ ಓದಿದವರು ವಿನ್ನಿಪೆಗ್‌ನ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲಿ ಕೂತಿರುತ್ತಾರೆ.

ದಶಕಗಳ ಕಾಲ ಇದು ಯಾರೂ ಆಡದ ಮಾತಾಗಿತ್ತು. 1990ರ ಅಕ್ಟೋಬರಿನಲ್ಲಿ ಮೂಲನಿವಾಸಿಗಳ ನಾಯಕ ಫಿಲ್ ಫಾಂಟೇನ್ ತಮಗೆ ಶಾಲೆಯಲ್ಲಿ ಆದದ್ದನ್ನು ದೂರದರ್ಶನದಲ್ಲಿ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು, ಮೊಕದ್ದಮೆಗಳು ಸಾವಿರಗಟ್ಟಲೆ ಬೆಳೆದವು. 2006ರಲ್ಲಿ ಒಪ್ಪಂದವಾಗಿ ಮರುವರ್ಷ ಜಾರಿಗೆ ಬಂತು. 2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಒಪ್ಪಂದದ ಪ್ರಕಾರ ಶಾಲೆಯಲ್ಲಿದ್ದುದಕ್ಕೇ ಮೊದಲ ವರ್ಷಕ್ಕೆ 10,000 ಡಾಲರ್, ಆಮೇಲಿನ ಪ್ರತಿ ವರ್ಷಕ್ಕೆ 3,000 ಡಾಲರ್ ಪರಿಹಾರ. ಲೈಂಗಿಕ ದೌರ್ಜನ್ಯ, ತೀವ್ರ ಹಿಂಸೆ ಅನುಭವಿಸಿದವರಿಗೆ ಬೇರೆಯೇ ವಿಚಾರಣೆ, ಬೇರೆಯೇ ಪರಿಹಾರ.

ತೊಡಕು ಬಂದದ್ದು ಇಲ್ಲೇ. ಪರಿಹಾರ ಬೇಕೆಂದರೆ ಹೇಳಬೇಕು. ಹೆಂಡತಿಗೂ ಹೇಳದ್ದನ್ನು, ಮಕ್ಕಳಿಗೂ ಹೇಳದ್ದನ್ನು ಅರ್ಜಿಯಲ್ಲಿ ಬರೆಯಬೇಕು. ಯಾವ ವರ್ಷ, ಯಾವ ಕೋಣೆ, ಎಷ್ಟು ಸಲ? ಆಮೇಲೆ ವಿಚಾರಣಾಧಿಕಾರಿಯ ಮುಂದೆ ಕೂತು ಅದನ್ನೇ ಬಾಯಲ್ಲಿ ಹೇಳಬೇಕು. ಪರೀಕ್ಷೆಯ ಹಾಗೆ ಅಲ್ಲಿ ಅಂಕಗಳೂ ಇದ್ದವು. ನಡೆದ ಕೃತ್ಯಕ್ಕಿಷ್ಟು, ಅದರಿಂದ ಬದುಕಿಗಾದ ಹಾನಿಗಿಷ್ಟು ಎಂದು ಅಂಕ ಕೂಡಿಸಿ ಪರಿಹಾರ ಗೊತ್ತುಮಾಡುತ್ತಿದ್ದರು. ಐವತ್ತು ವರ್ಷ ಒಳಗೆ ಅದುಮಿಟ್ಟದ್ದನ್ನು ಹೀಗೆ ಕೆದಕಿದರೆ ನಿದ್ದೆ ಹೋಗುತ್ತದೆ, ಬಿಟ್ಟ ಕುಡಿತ ಮರಳುತ್ತದೆ. ಜೀವ ಬೇಡವೆನಿಸುವುದೂ ಉಂಟು. ನ್ಯಾಯ ಕೇಳಲು ಹೋದದ್ದೇ ಎರಡನೆಯ ಗಾಯವಾಗುತ್ತದೆ.

ಇದನ್ನು ಕಂಡುಕೊಂಡು ಒಪ್ಪಂದದ ಜೊತೆಗೇ ಒಂದು ಆರೋಗ್ಯ ಬೆಂಬಲದ ಏರ್ಪಾಡು ಮಾಡಲಾಯಿತು. ಅದರಲ್ಲಿ ನಾಲ್ಕು ಬಗೆ. ಮೊದಲನೆಯದು, ಮೂಲನಿವಾಸಿ ಸಮುದಾಯದವರೇ ಆದ ಕಾರ್ಯಕರ್ತರು ಅರ್ಜಿ ಹಾಕುವ ಮೊದಲು, ವಿಚಾರಣೆಯ ಹೊತ್ತಿನಲ್ಲಿ, ಮುಗಿದ ಮೇಲೆ ಜೊತೆಗಿರುವುದು. ಎರಡನೆಯದು, ಸಮುದಾಯದ ಹಿರಿಯರಿಂದ ಪ್ರಾರ್ಥನೆ, ಧೂಪ, ಸಾಂಪ್ರದಾಯಿಕ ಆರೈಕೆ. ಮೂರನೆಯದು, ಮನಶ್ಶಾಸ್ತ್ರಜ್ಞರ ಮತ್ತು ಸಮಾಜ ಕಾರ್ಯಕರ್ತರ ಆಪ್ತ ಸಲಹೆ. ನಾಲ್ಕನೆಯದು, ದೂರದ ಹಳ್ಳಿಗಳಲ್ಲಿರುವವರಿಗೆ ಇವರ ಬಳಿ ಬರಲು ಪ್ರಯಾಣದ ನೆರವು. ಇದು ಬದುಕುಳಿದವರ ಮನೆಯವರಿಗೂ ಸಿಗುತ್ತಿತ್ತು. ಇದಲ್ಲದೆ ದಿನದ 24 ಗಂಟೆ ದೂರವಾಣಿಯಲ್ಲಿ ಮಾತನಾಡುವವರಿದ್ದರು. ವಿಚಾರಣೆ ನಡೆದದ್ದು ಮುಚ್ಚಿದ ಬಾಗಿಲಿನ ಹಿಂದೆ; ಪ್ರಶ್ನೆ ಕೇಳುತ್ತಿದ್ದವರು ವಿಚಾರಣಾಧಿಕಾರಿ, ಎದುರು ಪಕ್ಷದ ವಕೀಲರ ಪಾಟೀಸವಾಲು ಇರಲಿಲ್ಲ.

ಮಗಳಿದ್ದ ಕಟ್ಟಡದಲ್ಲೇ ಅನಿಶಿನಾಬೆ ಜನಾಂಗದ ವೃದ್ಧೆಯೊಬ್ಬರಿದ್ದರು. ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಲ್ಲಿ ನನ್ನ ಹೆಂಡತಿಗೆ ಅವರ ಪರಿಚಯವಾಗಿ, ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಸ್ನೇಹ ಬೆಳೆಯಿತು. ಆ ಸೆಪ್ಟೆಂಬರ್ 30ರ ಸಂಜೆ ಅವರು ನಮ್ಮಲ್ಲಿಗೆ ಚಹಾಕ್ಕೆ ಬಂದಾಗ ಮೊಮ್ಮಗನ ಅಂಗಿ ನೋಡಿ ಮಾತು ಅತ್ತ ಹೊರಳಿತು. ಏನಾಯಿತೆಂದು ನಾವು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಅವರು ಹೇಳಿದ್ದು ವಿಚಾರಣೆಯ ದಿನವನ್ನು ಕುರಿತು.

'ಅರ್ಜಿ ತುಂಬಿದ ಮೇಲೆ ಎಷ್ಟೋ ದಿನ ದೀಪ ಹಾಕಿಕೊಂಡೇ ಮಲಗುತ್ತಿದ್ದೆ. ವಿಚಾರಣೆಯ ಹಿಂದಿನ ದಿನ ಬೆಂಬಲಕ್ಕೆಂದು ಬಂದ ಹೆಂಗಸು ಹೆಚ್ಚೇನೂ ಮಾತಾಡಲಿಲ್ಲ. ನಾಳೆ ಯಾವ ಕೋಣೆ, ಯಾರ್ಯಾರು ಇರುತ್ತಾರೆ, ಬಾಗಿಲು ಎಲ್ಲಿದೆ ಎಂದು ಹೇಳಿದಳು. ಬೇಕೆನಿಸಿದಾಗ ಎದ್ದು ಹೊರಗೆ ಬರಬಹುದು ಎಂದಳು. ಎದ್ದು ಹೋಗಬಹುದು ಅಂತ ಆ ಶಾಲೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.' ಮರುದಿನ ಆ ಹೆಂಗಸು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳಂತೆ. ಮರುವಾರವೂ ಬಂದು ಬಾಗಿಲು ತಟ್ಟಿದಳಂತೆ. 'ದುಡ್ಡು ಬಂತು, ಖರ್ಚಾಯಿತು. ಅವಳು ಬಾಗಿಲು ತಟ್ಟಿದ್ದು ಮಾತ್ರ ಇನ್ನೂ ಕಿವಿಯಲ್ಲಿದೆ' ಎಂದು ಅವರು ಚಹಾದ ಲೋಟ ಕೆಳಗಿಟ್ಟರು.

ನ್ಯಾಯಮೂರ್ತಿ ಮರ್ರೆ ಸಿಂಕ್ಲೇರ್ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗವೂ 2008ರಿಂದ 2015ರವರೆಗೆ ಊರೂರು ಸುತ್ತಿ 6,500ಕ್ಕೂ ಹೆಚ್ಚು ಮಂದಿಯ ಮಾತು ಕೇಳಿತು. ಅದರ ಸಭೆಗಳಲ್ಲಿ ಅಳುವವರ ಬಳಿಗೆ ಬೆಂಬಲ ಕಾರ್ಯಕರ್ತರು ಕಾಗದದ ಕರವಸ್ತ್ರ ಹಿಡಿದು ಹೋಗುತ್ತಿದ್ದರು. ಕಣ್ಣೀರು ಒರೆಸಿದ ಆ ಕಾಗದಗಳನ್ನು ಕಸಕ್ಕೆ ಹಾಕದೆ ಬುಟ್ಟಿಯಲ್ಲಿ ಕೂಡಿಸಿ, ಹೊರಗೆ ಉರಿಯುತ್ತಿದ್ದ ಪವಿತ್ರ ಅಗ್ನಿಗೆ ಒಪ್ಪಿಸುತ್ತಿದ್ದರು. ಅಳು ನಾಚಿಕೆಯ ವಿಷಯವಲ್ಲ ಎಂದು ಭಾಷಣ ಮಾಡಿ ಹೇಳುವುದಕ್ಕಿಂತ ಇದು ಮೇಲು ಎಂದು ನನಗನ್ನಿಸಿತು.

ಎಲ್ಲವೂ ಸರಿಯಾಗಿ ನಡೆಯಿತೆಂದಲ್ಲ. ಕೆಲವು ವಕೀಲರು, ಅರ್ಜಿ ತುಂಬಿಕೊಡುವ ಕೆಲವರು ಪರಿಹಾರದ ಹಣಕ್ಕೇ ಕೈಹಾಕಿ ನ್ಯಾಯಾಲಯ ನಡುವೆ ಬರಬೇಕಾಯಿತು. ಸಮುದಾಯಗಳೇ ನಡೆಸುತ್ತಿದ್ದ ಆರೈಕೆಯ ಯೋಜನೆಗಳಿಗೆ ಹಣ ಕೊಡಲೆಂದು 1998ರಲ್ಲಿ 35 ಕೋಟಿ ಡಾಲರಿನೊಂದಿಗೆ ಒಂದು ಪ್ರತಿಷ್ಠಾನ ಹುಟ್ಟಿತ್ತು. ವಿಚಾರಣೆಗಳು ಇನ್ನೂ ನಡೆಯುತ್ತಿರುವಾಗಲೇ, 2010ರಲ್ಲಿ, ಸರ್ಕಾರ ಅದಕ್ಕೆ ಹೊಸ ಹಣ ನಿಲ್ಲಿಸಿತು. 2014ರಲ್ಲಿ ಅದು ಮುಚ್ಚಿತು. ವಿಚಾರಣೆಯ ಏರ್ಪಾಡಿಗೆ 38,000ಕ್ಕೂ ಹೆಚ್ಚು ಅರ್ಜಿಗಳು ಬಂದವು. 300 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟು, 2021ರ ಮಾರ್ಚಿನಲ್ಲಿ ಕಚೇರಿ ಬಾಗಿಲು ಹಾಕಿತು. ಕಚೇರಿ ಮುಚ್ಚಿದ ದಿನ ನೋವೂ ಮುಚ್ಚುವುದಿಲ್ಲವಲ್ಲ!

ಹಗಲು ಶಾಲೆಗೆ ಹೋಗಿ ಸಂಜೆ ಮನೆಗೆ ಮರಳುತ್ತಿದ್ದ ಮೂಲನಿವಾಸಿ ಮಕ್ಕಳೂ ಇಂಥದೇ ಹಿಂಸೆ ಉಂಡಿದ್ದರು. ಅವರ ಒಪ್ಪಂದಕ್ಕೆ ನ್ಯಾಯಾಲಯದ ಮಂಜೂರಾತಿ ಸಿಕ್ಕಿದ್ದು 2019ರಲ್ಲಿ. ಹಾನಿಗೆ ತಕ್ಕಂತೆ 10,000ದಿಂದ 2,00,000 ಡಾಲರಿನವರೆಗೆ ಪರಿಹಾರ. ಹಿಂದಿನ ಕಷ್ಟ ನೋಡಿ ಈ ಸಲ ವಿಚಾರಣೆಯೇ ಬೇಡ, ಅರ್ಜಿ ಬರೆದು ಕಳಿಸಿದರೆ ಸಾಕೆಂದರು. ಪ್ರಶ್ನೆ ಕೇಳುವವರ ಕಾಟ ತಪ್ಪಿತು ನಿಜ; ಕೇಳಿಸಿಕೊಳ್ಳುವವರೂ ತಪ್ಪಿಹೋದರು. 2020ರ ಜನವರಿಯಲ್ಲಿ ಅರ್ಜಿ ಶುರುವಾದ ಎರಡೇ ತಿಂಗಳಿಗೆ ಕೊರೊನಾ ಬಂದು ಮನೆಮನೆಯ ಬಾಗಿಲು ಮುಚ್ಚಿತು. ಸಹಾಯವಾಣಿ ಇತ್ತು. ಆದರೂ ಅಡುಗೆಮನೆಯ ಮೇಜಿನ ಮುಂದೆ ಒಬ್ಬರೇ ಕೂತು, ಬಾಲ್ಯದ ಅತಿ ಕೆಟ್ಟ ದಿನವನ್ನು ಪೆನ್ನು ಹಿಡಿದು ಬರೆಯುವುದೆಂದರೆ ಏನೆಂದು ಯೋಚಿಸಿ ನೋಡಿ. ಕಾಗದ ಎಷ್ಟು ಸುಲಭವಾಗಿದ್ದರೂ ಪಕ್ಕದಲ್ಲೊಬ್ಬ ಮನುಷ್ಯ ಬೇಕೇ ಬೇಕು.

ಕೆನಡಾ ಹಣ ತೆತ್ತು ಕಲಿತ ಈ ಪಾಠ ನಮ್ಮ ಕಾನೂನಿನಲ್ಲೂ ಇದೆ ಎಂಬುದನ್ನು ಪೋಷಕರು ತಿಳಿದಿರಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹೇಳಿಕೆ ಕೊಡುವ ಮಗುವನ್ನು ಆರೋಪಿಯ ಎದುರು ನಿಲ್ಲಿಸುವಂತಿಲ್ಲ. ಪದೇ ಪದೇ ನ್ಯಾಯಾಲಯಕ್ಕೆ ಕರೆಸುವಂತಿಲ್ಲ. ಮಗು ನಂಬುವವರು ಜೊತೆಗಿರಬಹುದು. ತನಿಖೆಯಿಂದ ವಿಚಾರಣೆಯವರೆಗೆ ಮಗುವಿನ ಜೊತೆ ನಿಲ್ಲಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬರನ್ನು ನೇಮಿಸಬಹುದು. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಕಷ್ಟಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತನಾಡಬಹುದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಗೆಳೆಯನೋ ಗೆಳತಿಯೋ ನಿಮ್ಮ ಬಳಿ ಏನನ್ನಾದರೂ ಹೇಳಲು ತೊಡಗಿದರೆ 'ಆಗಲೇ ಯಾಕೆ ಹೇಳಲಿಲ್ಲ?' ಎಂದು ಕೇಳಬೇಡಿ. ಕೆನಡಾದಲ್ಲಿ ಆ ಪ್ರಶ್ನೆಗೆ ಉತ್ತರ ಬರಲು ಐವತ್ತು ವರ್ಷ ಹಿಡಿದಿದೆ. ಸುಮ್ಮನೆ ಕೂತು ಕೇಳಿ. ಆಮೇಲೆ ನಂಬಿಕಸ್ತ ಹಿರಿಯರೊಬ್ಬರ ಬಳಿಗೆ ಜೊತೆಯಲ್ಲೇ ನಡೆಯಿರಿ.

ಪೋಷಕರಿಗೂ ಅಷ್ಟೇ. ರಜೆಗೆ ಮನೆಗೆ ಬಂದ ಮಗು ಮಾರ್ಕ್ಸ್ ಕಾರ್ಡು ತೋರಿಸಿದ ಮೇಲೂ ಏನೋ ಹೇಳಲಿಕ್ಕಿದೆ ಎಂಬಂತೆ ಬಾಗಿಲ ಬಳಿ ನಿಂತಿದ್ದರೆ ಕೈಯ ಕೆಲಸ ಬದಿಗಿಡಿ. ಹೇಳೆಂದು ಒತ್ತಾಯಿಸಬೇಡಿ, ಎದ್ದು ಹೋಗಲೂ ಬೇಡಿ. ಹೇಳಿದ ದಿನ ಜೊತೆಗಿರಲು ಅಕ್ಕಪಕ್ಕದವರೂ ಬಂದಾರು. ಮರುದಿನ, ಮರುವಾರ ಮತ್ತೆ ಬಂದು ಹೇಗಿದ್ದೀಯ ಎಂದು ಕೇಳಬೇಕಾದವರು ಮನೆಯವರೇ.