ಮಗು ಕೂರುವ ಜಾಗಕ್ಕೆ ಎಷ್ಟು ನಕ್ಷತ್ರ?

ನಮ್ಮ ಗಡಿ ಶಾಲೆಯಲ್ಲಿ ಯಾರಾದರೂ ಕಾರು ಕೊಳ್ಳುತ್ತಾರೆಂದರೆ ಅದು ಇಡೀ ಸ್ಟಾಫ್ ರೂಮಿನ ವಿಷಯ. ಈ ಸಲ ಸರದಿ ನಮ್ಮ ಸಮಾಜ ಪಾಠದ ಮೇಡಂ ಅವರದು. ಕಿಯಾ ಸೈರೋಸೋ, ಟಾಟಾ ನೆಕ್ಸಾನೋ? ಮನೆಯಲ್ಲಿ ಎರಡು ವರ್ಷದ ಮಗಳು ಬೇರೆ.

ನಮ್ಮಲ್ಲಿ ಅರ್ಧ ಜನ ಕೂಡಲೇ ಸೈರೋಸ್ ಎಂದೆವು. ಅದು ನಮ್ಮ ಪೆನುಕೊಂಡದ ಕಾರಲ್ಲವೇ! ಹೆದ್ದಾರಿ ಪಕ್ಕದ ಎರ್ರಮಂಚಿಯಲ್ಲಿ 2019ರಿಂದ ಕಾರುಗಳು ತಯಾರಾಗುತ್ತಿವೆ. ನಾವು ಅಕ್ಷರ ಕಲಿಸಿದ ಹುಡುಗರೂ ಅಲ್ಲಿ ಕೆಲಸಕ್ಕಿದ್ದಾರೆ. ಆದರೆ ಅಭಿಮಾನವೇ ಬೇರೆ, ಸುರಕ್ಷತೆಯೇ ಬೇರೆ. ಹಾಗಾಗಿ ಅಂಕಪಟ್ಟಿ ತೆಗೆದು ಕೂತೆವು. ಮೇಷ್ಟ್ರುಗಳಿಗೆ ಅದು ತಾನೇ ಗೊತ್ತಿರುವುದು!

2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನೆಕ್ಸಾನ್ ದೊಡ್ಡವರ ರಕ್ಷಣೆಗೆ 5 ನಕ್ಷತ್ರ ಪಡೆಯಿತು. ಮಕ್ಕಳ ರಕ್ಷಣೆಗೆ ಸಿಕ್ಕಿದ್ದು ಮಾತ್ರ 3. 2020ರಲ್ಲಿ ಪೆನುಕೊಂಡದ್ದೇ ಆದ ಅಂದಿನ ಸೆಲ್ಟೋಸ್‌ಗೆ ದೊಡ್ಡವರ ಲೆಕ್ಕದಲ್ಲಿ 3, ಮಕ್ಕಳ ಲೆಕ್ಕದಲ್ಲಿ 2. ಈಗ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದರಲ್ಲಿ 2024ರಲ್ಲಿ ನೆಕ್ಸಾನ್, 2025ರಲ್ಲಿ ಸೈರೋಸ್, ಎರಡೂ ಎರಡು ಲೆಕ್ಕದಲ್ಲೂ 5 ನಕ್ಷತ್ರ ಗಳಿಸಿದವು. ದೊಡ್ಡವರ ರಕ್ಷಣೆಗೆ 32ಕ್ಕೆ ನೆಕ್ಸಾನ್ 29.41, ಸೈರೋಸ್ 30.21. ಮಕ್ಕಳ ರಕ್ಷಣೆಗೆ 49ಕ್ಕೆ 43.83 ಮತ್ತು 44.42. ಎರಡರಲ್ಲೂ ಆರು ಏರ್‌ಬ್ಯಾಗ್. ಇಬ್ಬರೂ ಫಸ್ಟ್ ಕ್ಲಾಸ್. ಅರ್ಧ ಮುಕ್ಕಾಲು ಅಂಕಕ್ಕೆ ಜಗಳವೇಕೆ?

"ಹಾಗಾದ್ರೆ ಯಾವುದಾದ್ರೂ ಆಗುತ್ತೆ. ಮಗು ಹೇಗೂ ನನ್ನ ತೊಡೆ ಮೇಲೇ ಕೂತಿರುತ್ತೆ" ಎಂದರು ಮೇಡಂ.

ನಾವೆಲ್ಲ ಸುಮ್ಮನಾದೆವು. ನಮ್ಮ ಮಕ್ಕಳನ್ನೂ ನಾವು ಹಾಗೆಯೇ ಕರೆದುಕೊಂಡು ಓಡಾಡಿದವರು.

ಆ 49 ಅಂಕಗಳಲ್ಲಿ ದೊಡ್ಡ ಪಾಲನ್ನು ಗಳಿಸಿಕೊಡುವವರು ಯಾರು? ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಗುವಿನ ಗಾತ್ರದ ಎರಡು ಬೊಂಬೆಗಳು. ಅವು ಹಿಂದಿನ ಸೀಟಿನಲ್ಲಿ, ಮಕ್ಕಳಿಗೆಂದೇ ಮಾಡಿದ ಪುಟ್ಟ ಸೀಟಿನಲ್ಲಿ, ಬೆಲ್ಟ್ ಬಿಗಿದುಕೊಂಡು ಕೂತಿರುತ್ತವೆ. ತೊಡೆ ಮೇಲೆ ಕೂತ ಮಗುವಿಗೆ ಆ ನಕ್ಷತ್ರಗಳಲ್ಲಿ ಒಂದೂ ಸಲ್ಲುವುದಿಲ್ಲ.

ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣ ಹಿಡಿದರು. ಎದುರಿನಿಂದ ಗುದ್ದಿಸುವ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ. ಅಂದರೆ ಸುಮಾರು 16 ಮೀಟರ್ ಎತ್ತರದಿಂದ ಬಿದ್ದಷ್ಟು ವೇಗ. ಅದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ, 10 ಕಿಲೋ ಮಗುವನ್ನು ಹಿಡಿದುಕೊಳ್ಳುವುದೆಂದರೆ 180 ಕಿಲೋ ಭಾರ ತಡೆದಂತೆ. ಮೂರೂವರೆ ಮೂಟೆ ಅಕ್ಕಿ! ಯಾವ ತಾಯಿಯ ತೋಳಿಗೆ ಸಾಧ್ಯ? ಇನ್ನು ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಂಡರೆ, ಕಾಪಾಡಬೇಕಾದ ಏರ್‌ಬ್ಯಾಗೇ ಅದರ ಮೇಲೆ ಅಪ್ಪಳಿಸುತ್ತದೆ.

ಕಾನೂನೂ ಇದೆ. 2019ರ ತಿದ್ದುಪಡಿಯ ಪ್ರಕಾರ ಹದಿನಾಲ್ಕರೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಆದರೆ ದಂಡಕ್ಕೆ ಹೆದರಿ ಮಾಡುವ ಕೆಲಸವೇ ಇದು?

ಮೇಡಂ ಇನ್ನೂ ಕಾರು ತೀರ್ಮಾನಿಸಿಲ್ಲ. ಮಗಳ ಪುಟ್ಟ ಸೀಟಿಗೆ ಮಾತ್ರ ಆಗಲೇ ದುಡ್ಡು ಕಟ್ಟಿ ಬಂದಿದ್ದಾರೆ. ನಾವೂ ಒಂದು ಮಾತಿಗೆ ಬಂದಿದ್ದೇವೆ: ಇನ್ನು ಮೇಲೆ ಯಾರ ಕಾರಿನಲ್ಲಿ ಹೊರಟರೂ, ಹಿಂದೆ ಕೂತವರೆಲ್ಲ ಬೆಲ್ಟ್ ಹಾಕುವ ತನಕ ಕಾರು ಹೊರಡುವುದಿಲ್ಲ. ಶಾಲೆಯ ಮಕ್ಕಳು ನಮ್ಮನ್ನು ನೋಡಿಯೇ ತಾನೇ ಕಲಿಯುವುದು?