ಎರಡು ಡಾಲರಿನ ಮುಖವಾಡ, ಇಪ್ಪತ್ತು ವರ್ಷದ ಹಗೆ

ಅಮೆರಿಕದಲ್ಲಿ ಮಕ್ಕಳ ಬೇಸಿಗೆ ಶಿಬಿರ ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಪುಕ್ಕಟೆ ಬುದ್ಧಿಮಾತು ಹೇಳಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇದೆ. ಊರಿನ ಮುದುಕನೊಬ್ಬ ಸೈಕಲ್ ತುಳಿದುಕೊಂಡು ಬಂದು ನಿಮಗೆಲ್ಲ ಕೇಡುಗಾಲ ಕಾದಿದೆ ಎಂದರೆ ನಗಬೇಡಿ, ಗಂಟುಮೂಟೆ ಕಟ್ಟಿ. ಕರೆಂಟು ಹೋದರೆ ಜನರೇಟರ್ ನೋಡಿಕೊಂಡು ಬರುತ್ತೇನೆಂದು ಒಬ್ಬರೇ ಹೊರಡಬೇಡಿ. ಕೊಲೆಗಾರ ಪೆಟ್ಟು ತಿಂದು ಬಿದ್ದಾಗ ಕೈಲಿದ್ದ ಕತ್ತಿಯನ್ನು ಅವನ ಪಕ್ಕದಲ್ಲೇ ಬಿಸಾಕಿ ಓಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಜಾಗದಲ್ಲಿ ಹಿಂದೆ ಏನು ನಡೆದಿತ್ತು ಅಂತ ಒಂದು ಮಾತು ವಿಚಾರಿಸಿಕೊಳ್ಳಿ. ಈ ವಿವೇಕವೆಲ್ಲ ನನಗೆ ಬಂದದ್ದು ಎಂಬತ್ತರ ದಶಕದ ಅಗ್ಗದ ಸ್ಲ್ಯಾಶರ್ ಸಿನಿಮಾಗಳಿಂದ.

ಇರಾನಿನ ಸಿನಿಮಾ, ಜಪಾನಿನ ಸಿನಿಮಾ ಅಂತ ಮಾತಾಡುವ ಗೆಳೆಯರ ನಡುವೆ ಕೂತು ಈ ರುಚಿಯನ್ನು ಹೇಳಿಕೊಳ್ಳುವುದು ಸ್ವಲ್ಪ ಇಕ್ಕಟ್ಟಿನ ವಿಷಯ. ‘ಅದರಲ್ಲೇನಿದೆ ಮಾರಾಯ? ಒಬ್ಬ ಮುಖವಾಡ ಹಾಕಿಕೊಂಡು ಬರ್ತಾನೆ, ಒಬ್ಬೊಬ್ಬರನ್ನೇ ಕಡಿದು ಹಾಕ್ತಾನೆ, ಅಷ್ಟೇ ತಾನೆ?’ ಎನ್ನುತ್ತಾರೆ. ಅಷ್ಟೇ. ಆದರೆ ಅವನು ಯಾಕೆ ಬರುತ್ತಾನೆ ಅಂತ ಯಾರೂ ಕೇಳುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಆ ‘ಯಾಕೆ’.

‘ಪ್ರಾಮ್ ನೈಟ್’ (1980) ನೋಡಿ. ಪಾಳುಬಿದ್ದ ಕಟ್ಟಡವೊಂದರಲ್ಲಿ ಆಟವಾಡುತ್ತಿದ್ದ ನಾಲ್ವರು ಮಕ್ಕಳು ಸೇರಿ ಒಬ್ಬ ಪುಟ್ಟ ಹುಡುಗಿಯನ್ನು ಗೋಳುಹೊಯ್ದುಕೊಳ್ಳುತ್ತಾರೆ, ಅವಳು ಹಿಂದೆ ಹಿಂದೆ ಸರಿದು ಕಿಟಕಿಯಿಂದ ಬಿದ್ದು ಸಾಯುತ್ತಾಳೆ. ಯಾರಿಗೂ ಬಾಯಿ ಬಿಡಬಾರದೆಂದು ನಾಲ್ವರೂ ಆಣೆ ಮಾಡಿಕೊಳ್ಳುತ್ತಾರೆ. ಆರು ವರ್ಷದ ಮೇಲೆ, ಶಾಲೆಯ ಡ್ಯಾನ್ಸ್ ಪಾರ್ಟಿಯ ರಾತ್ರಿ, ಲೆಕ್ಕ ಚುಕ್ತಾ ಆಗುತ್ತದೆ. ‘ಟೆರರ್ ಟ್ರೈನ್’ನಲ್ಲಿ (1980) ಕಾಲೇಜಿನ ಹಿರಿಯ ಹುಡುಗರು ಸಂಕೋಚದ ಹುಡುಗನೊಬ್ಬನನ್ನು ಹೆಣ ಮಲಗಿಸಿದ್ದ ಹಾಸಿಗೆಗೆ ಕಳಿಸಿ ನಗುತ್ತಾರೆ. ಮೂರು ವರ್ಷ ಬಿಟ್ಟು ಅವರೆಲ್ಲ ಹೊಸ ವರ್ಷ ಆಚರಿಸಲು ಹತ್ತಿದ ರೈಲಿಗೆ ಇನ್ನೊಬ್ಬನೂ ಹತ್ತಿರುತ್ತಾನೆ. ‘ದ ಬರ್ನಿಂಗ್’ನಲ್ಲಿ (1981) ಶಿಬಿರದ ಕಾವಲುಗಾರನನ್ನು ಹೆದರಿಸಲು ಹುಡುಗರು ಮೇಣದಬತ್ತಿ ಹಚ್ಚಿದ ತಲೆಬುರುಡೆಯನ್ನು ಅವನ ಮಂಚದ ಪಕ್ಕ ಇಟ್ಟು ಬರುತ್ತಾರೆ. ಅದು ಉರುಳಿ ಅವನ ಮೈಗೇ ಬೆಂಕಿ ಹತ್ತುತ್ತದೆ. ಐದು ವರ್ಷ ಆಸ್ಪತ್ರೆಯಲ್ಲಿದ್ದು ಹೊರಬಂದವನು ತೋಟದ ದೊಡ್ಡ ಕತ್ತರಿ ಕೈಗೆತ್ತಿಕೊಳ್ಳುತ್ತಾನೆ.

ದೆವ್ವವಿಲ್ಲ, ನಿಧಿಯಿಲ್ಲ, ಆಸ್ತಿ ವ್ಯಾಜ್ಯವಿಲ್ಲ. ಎಲ್ಲದರ ಬೇರಿನಲ್ಲಿರುವುದು ನಾವು ‘ತಮಾಷೆಗೆ ಮಾಡಿದ್ದು’ ಎಂದು ಕೈ ಒರೆಸಿಕೊಳ್ಳುವಂಥ ರ‍್ಯಾಗಿಂಗು. ಇಲ್ಲದಿದ್ದರೆ ಕೆಲಸದಲ್ಲಿ ತೋರಿದ ಉದಾಸೀನ. ‘ಮೈ ಬ್ಲಡಿ ವ್ಯಾಲೆಂಟೈನ್’ (1981) ಈ ಎರಡನೆಯ ಜಾತಿಗೆ ಸೇರಿದ್ದು. ಗಣಿಯ ಇಬ್ಬರು ಮೇಲ್ವಿಚಾರಕರು ಪ್ರೇಮಿಗಳ ದಿನದ ಡ್ಯಾನ್ಸಿಗೆ ಹೊತ್ತಾಯಿತೆಂದು ಮೀಥೇನ್ ಅನಿಲದ ಮಟ್ಟ ಪರೀಕ್ಷಿಸದೆ ಹೊರಟುಬಿಡುತ್ತಾರೆ. ಸ್ಫೋಟವಾಗಿ ಕೆಳಗಿದ್ದವರು ಸಿಕ್ಕಿಬೀಳುತ್ತಾರೆ. ಬದುಕಿ ಬಂದವನೊಬ್ಬನೇ, ಅವನ ಹೆಸರು ಹ್ಯಾರಿ ವಾರ್ಡನ್. ಮರುವರ್ಷ ಅವನು ಆ ಮೇಲ್ವಿಚಾರಕರನ್ನು ಮುಗಿಸಿ, ಇನ್ನು ಈ ಊರಲ್ಲಿ ಡ್ಯಾನ್ಸ್ ನಡೆಯಕೂಡದು ಎಂದು ತಾಕೀತು ಮಾಡುತ್ತಾನೆ. ಇಪ್ಪತ್ತು ವರ್ಷ ಊರು ಕೇಳುತ್ತದೆ, ಆಮೇಲೆ ಮರೆಯುತ್ತದೆ. ಮರೆತ ವರ್ಷವೇ ಸಿನಿಮಾ.

ಹಾವಿನ ಹಗೆ ಹನ್ನೆರಡು ವರ್ಷ ಅಂತ ನಮ್ಮಲ್ಲಿ ಮಾತಿದೆ. ಈ ಕೊಲೆಗಾರರಲ್ಲಿ ಕೆಲವರು ಮೂರಕ್ಕೋ ಐದಕ್ಕೋ ಅವಸರ ಮಾಡಿದರೂ ಗಟ್ಟಿಗರು ಇಪ್ಪತ್ತಕ್ಕೆ ಕಮ್ಮಿ ಮಾತಾಡುವುದಿಲ್ಲ. ಹಾವೂ ನಾಚಬೇಕು. ಸಾಲದ್ದಕ್ಕೆ, ಎಷ್ಟು ವರ್ಷ ಕಾದರೂ ಬರುವುದು ಹಬ್ಬದ ದಿನಕ್ಕೇ. ಹ್ಯಾಲೋವೀನ್, ಕ್ರಿಸ್‌ಮಸ್, ಹುಟ್ಟುಹಬ್ಬ, ಏಪ್ರಿಲ್ ಒಂದು, ಹದಿಮೂರನೇ ತಾರೀಖಿನ ಶುಕ್ರವಾರ. ಒಂಟಿಕೊಪ್ಪಲ್ ಪಂಚಾಂಗ ನೋಡಿ ಮುಹೂರ್ತ ಇಡುವವರೂ ಇಷ್ಟು ಕಟ್ಟುನಿಟ್ಟಾಗಿರುವುದಿಲ್ಲ. ಇದರ ಹಿಂದೆ ನಿರ್ಮಾಪಕರ ಜಾಣತನವೂ ಇತ್ತು. ಹಬ್ಬದ ಹೆಸರಿಟ್ಟರೆ ವರ್ಷಕ್ಕೊಂದು ಸಲ ಕ್ಯಾಲೆಂಡರೇ ಪುಕ್ಕಟೆ ಜಾಹೀರಾತು ಮಾಡುತ್ತದೆ.

ಪುಕ್ಕಟೆ ಅನ್ನುವುದು ಈ ಸಿನಿಮಾಗಳ ವಿಷಯದಲ್ಲಿ ಬಹಳ ದೊಡ್ಡ ಮಾತು. ಎಲ್ಲಕ್ಕೂ ದಾರಿ ತೋರಿಸಿದ್ದು ಜಾನ್ ಕಾರ್ಪೆಂಟರ್‌ನ ‘ಹ್ಯಾಲೋವೀನ್’ (1978). ಅದರ ಕೊಲೆಗಾರ ಮೈಕಲ್‌ಗೆ ಯಾರ ಮೇಲೂ ಹಗೆಯಿಲ್ಲ, ಹಾಗಾಗಿ ನನ್ನ ಪಟ್ಟಿಯಲ್ಲಿ ಅವನಿಗೆ ಜಾಗವಿಲ್ಲ. ಆದರೆ ಆ ಚಿತ್ರದ ಬಡತನಕ್ಕೆ ಕೈಮುಗಿಯಲೇಬೇಕು. ಒಟ್ಟು ಬಂಡವಾಳ ಮೂರು ಲಕ್ಷ ಡಾಲರ್ ಚಿಲ್ಲರೆ. ಜಗತ್ತೇ ಹೆದರಿದ ಆ ಬಿಳಿ ಮುಖವಾಡ ಅಸಲಿಗೆ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನದು, ಅಂಗಡಿಯಲ್ಲಿ ಎರಡು ಡಾಲರಿಗೂ ಕಮ್ಮಿಗೆ ಸಿಕ್ಕಿದ್ದು. ಕಣ್ಣಿನ ತೂತು ಅಗಲ ಮಾಡಿ, ಬಿಳಿ ಬಣ್ಣ ಬಳಿದರು, ಆಯಿತು. ಕತೆ ನಡೆಯುವುದು ಎಲೆ ಉದುರುವ ಅಕ್ಟೋಬರಿನಲ್ಲಿ, ಶೂಟಿಂಗ್ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಒಣಗಿದೆಲೆಗೆ ಬಣ್ಣ ಹಚ್ಚಿ ರಸ್ತೆಗೆ ಚೆಲ್ಲುವುದು, ಶಾಟ್ ಮುಗಿದ ಕೂಡಲೇ ಗುಡಿಸಿ ಚೀಲಕ್ಕೆ ತುಂಬಿ ಮುಂದಿನ ರಸ್ತೆಗೆ ಒಯ್ಯುವುದು. ಸಂಗೀತಕ್ಕೆ ಬೇರೆಯವರನ್ನು ಕರೆಸುವಷ್ಟು ದುಡ್ಡಿಲ್ಲದೆ ನಿರ್ದೇಶಕನೇ ಪಿಯಾನೊ ಮುಂದೆ ಕೂತ. ಐದು ಎಣಿಕೆಯ ಆ ತಾಳ ಕೇಳಿದರೆ ಇವತ್ತಿಗೂ ನಾನು ಹಿಂದಿನ ಬಾಗಿಲ ಚಿಲಕ ನೋಡಿ ಬರುತ್ತೇನೆ.

ಆ ಚಿತ್ರ ಬಾಚಿದ ದುಡ್ಡು ಕಂಡು ಶಾನ್ ಕನಿಂಗ್‌ಹ್ಯಾಮ್ ಎಂಬ ಧೈರ್ಯಸ್ಥ ಚಿತ್ರಕತೆ ಮುಗಿಯುವ ಮೊದಲೇ ‘ಫ್ರೈಡೇ ದ ಥರ್ಟೀನ್ತ್’ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಬಂಡವಾಳ ಸುಮಾರು ಐದೂವರೆ ಲಕ್ಷ ಡಾಲರ್. ನ್ಯೂಜೆರ್ಸಿಯ ಬ್ಲೇರ್ಸ್‌ಟೌನ್ ಹತ್ತಿರದ ಸ್ಕೌಟ್ ಶಿಬಿರವೇ ಸೆಟ್ಟು. ಅದರಲ್ಲಿ, ಆಗಿನ್ನೂ ಹೆಸರು ಮಾಡಿರದ ಕೆವಿನ್ ಬೇಕನ್ ಮಂಚದ ಮೇಲೆ ಅಂಗಾತ ಮಲಗಿರುವಾಗ ಹಾಸಿಗೆ ಕೆಳಗಿನಿಂದ ಬಾಣವೊಂದು ಅವನ ಗಂಟಲು ಸೀಳಿಕೊಂಡು ಮೇಲೆ ಬರುವ ದೃಶ್ಯವಿದೆ. ತೆಗೆದದ್ದು ಹೀಗೆ: ಬೇಕನ್ ಮಲಗಿಯೇ ಇರಲಿಲ್ಲ, ಮಂಚದ ಕೆಳಗೆ ಮಂಡಿಯೂರಿ ತೂತಿನೊಳಗಿಂದ ತಲೆಯೊಂದನ್ನೇ ಮೇಲಕ್ಕೆ ಚಾಚಿದ್ದ. ಅದಕ್ಕೆ ತಾಗಿಸಿ ಮೇಕಪ್ ಮಾಂತ್ರಿಕ ಟಾಮ್ ಸವಿನಿ ಹುಸಿ ಕುತ್ತಿಗೆ, ಹುಸಿ ಎದೆ ಜೋಡಿಸಿದ್ದ. ಬಾಣ ತೂರಿ ಬಂದಾಗ ರಕ್ತ ಚಿಮ್ಮಿಸಬೇಕಾದ ಪಂಪಿನ ಕೊಳವೆ ಕಳಚಿಕೊಂಡಿತು. ಇದ್ದದ್ದು ಒಂದೇ ಹುಸಿ ಕುತ್ತಿಗೆ, ಎರಡನೇ ಟೇಕ್ ಇಲ್ಲ. ಸವಿನಿಯ ಸಹಾಯಕ ತಡಮಾಡದೆ ಕೊಳವೆಗೆ ಬಾಯಿ ಹಚ್ಚಿ ಊದಿದ. ತೆರೆಯ ಮೇಲೆ ಗುಳುಗುಳು ಎಂದು ಉಕ್ಕುವ ಆ ರಕ್ತ ಪಾಪ ಆ ಹುಡುಗನ ಉಸಿರು. ಕೋಟಿ ಸುರಿದು ಕಂಪ್ಯೂಟರಿನಲ್ಲಿ ಹರಿಸಿದ ರಕ್ತಕ್ಕೆ ಈ ಕಳೆ ಎಲ್ಲಿಂದ ಬರಬೇಕು?

ಕೆನಡಾದವರ ದಾರಿ ಇನ್ನೂ ಸ್ವಾರಸ್ಯದ್ದು. ಎಪ್ಪತ್ತರ ದಶಕದ ನಡುವಿನಿಂದ ಅಲ್ಲಿ ಕೆನಡಾದ ಸಿನಿಮಾಗೆ ಹಾಕಿದ ಬಂಡವಾಳದಷ್ಟನ್ನೂ ತೆರಿಗೆ ಕಟ್ಟುವ ಆದಾಯದಿಂದ ಕಳೆಯಬಹುದಿತ್ತು. ದಂತವೈದ್ಯರು, ವಕೀಲರು ಎಲ್ಲ ಸಿನಿಮಾಗೆ ದುಡ್ಡು ಹಾಕತೊಡಗಿದರು. ‘ಪ್ರಾಮ್ ನೈಟ್’, ‘ಟೆರರ್ ಟ್ರೈನ್’, ‘ಮೈ ಬ್ಲಡಿ ವ್ಯಾಲೆಂಟೈನ್’ ಮೂರೂ ಆ ಕಾಲದ ಕೂಸುಗಳು. ಕಡೆಯದನ್ನು ತೆಗೆದದ್ದು ನೋವಾ ಸ್ಕಾಟಿಯಾದ ಸಿಡ್ನಿ ಮೈನ್ಸ್ ಎಂಬಲ್ಲಿ, ಮುಚ್ಚಿದ್ದ ನಿಜವಾದ ಕಲ್ಲಿದ್ದಲ ಗಣಿಯೊಳಗೆ. ಶೂಟಿಂಗಿನವರು ಬರುತ್ತಾರೆಂದು ಊರವರು ಸಡಗರದಿಂದ ಗಣಿಯನ್ನು ತೊಳೆದು ಬಳಿದು ಲಕಲಕ ಮಾಡಿ ಇಟ್ಟಿದ್ದರಂತೆ. ಅದನ್ನು ಮತ್ತೆ ಮಸಿ ಹಿಡಿಸಲು ನಿರ್ಮಾಪಕರು ಸಾವಿರಾರು ಡಾಲರ್ ತೆರಬೇಕಾಯಿತು.

ಬ್ರಿಟನ್ನಿನವರೂ ಸುಮ್ಮನಿರಲಿಲ್ಲ. ‘ಸ್ಲಾಟರ್ ಹೈ’ಯನ್ನು (1986) ಇಂಗ್ಲೆಂಡಿನಲ್ಲಿ ತೆಗೆದು ಅಮೆರಿಕ ಎಂದು ನಂಬಿಸಲು ನೋಡಿದರು. ಕತೆಯಲ್ಲಿ ಏಪ್ರಿಲ್ ಫೂಲ್ ಆಟ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ. ಅದು ಅಮೆರಿಕದ ರೂಢಿಯಲ್ಲ, ಇಂಗ್ಲೆಂಡಿನದು. ಎಷ್ಟು ವೇಷ ಹಾಕಿದರೂ ಹುಟ್ಟೂರಿನ ಪದ್ಧತಿ ಬಿಟ್ಟುಹೋಗುತ್ತದೆಯೇ!

ಮತ್ತೆ ‘ಯಾಕೆ’ಗೆ ಬರುತ್ತೇನೆ. ನಮ್ಮ ಚಿಕ್ಕಮ್ಮನಿಗೆ ಕೊಲೆಯ ಸಿನಿಮಾ ಎಂದರೆ ಆಗದು. ಒಮ್ಮೆ ನಾನು ‘ಫ್ರೈಡೇ ದ ಥರ್ಟೀನ್ತ್’ ನೋಡುತ್ತಿದ್ದಾಗ ಹುರುಳಿಕಾಯಿ ಸೋಸಿಕೊಂಡು ಪಕ್ಕದಲ್ಲಿ ಕೂತಿದ್ದರು. ‘ಅಯ್ಯೋ, ಈ ಹುಡುಗಿ ಯಾಕೋ ಕತ್ತಲಲ್ಲಿ ಒಬ್ಬಳೇ ಹೋಗ್ತಾಳೆ? ದೊಡ್ಡೋರು ಅಂತ ಯಾರೂ ಇಲ್ವೇನೋ ಅಲ್ಲಿ?’ ಎಂದು ಶಿಬಿರದ ಆಡಳಿತವನ್ನು ಬೈಯುತ್ತಲೇ ಇದ್ದರು. ಕಡೆಗೆ ಕೊಲೆಗಾರ ಯಾರೆಂದು ಬಯಲಾಯಿತು. ಈ ಸರಣಿ ಎಂದರೆ ಎಲ್ಲರಿಗೂ ನೆನಪಾಗುವ ಹಾಕಿ ಮುಖವಾಡದ ಜೇಸನ್ ಅಲ್ಲ. ಆ ಮುಖವಾಡ ಬಂದದ್ದು 1982ರ ಮೂರನೇ ಭಾಗಕ್ಕೆ. ಮೊದಲ ಚಿತ್ರದಲ್ಲಿ ಕೊಲೆಗಾರ್ತಿ ಜೇಸನ್‌ನ ತಾಯಿ, ಸ್ವೆಟರ್ ತೊಟ್ಟ, ನಗುಮುಖದ ನಡುವಯಸ್ಸಿನ ಹೆಂಗಸು. 1957ರಲ್ಲಿ ನೋಡಿಕೊಳ್ಳಬೇಕಾದವರು ತಮ್ಮ ಸರಸದಲ್ಲಿ ಮೈಮರೆತದ್ದರಿಂದ ಅವಳ ಮಗ ಕೆರೆಯಲ್ಲಿ ಮುಳುಗಿದ. ಚಿಕ್ಕಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು. ‘ಮಗು ಮುಳುಗ್ತಾ ಇದ್ರೆ ತಿರುಗಿ ನೋಡ್ಲಿಲ್ಲ ಅಂದ್ರೆ ಹೆತ್ತ ಹೊಟ್ಟೆ ಸುಮ್ನೆ ಇರುತ್ತೇನೋ?’ ಅಂದರು. ಒಂದು ಗಳಿಗೆ ಬಿಟ್ಟು, ‘ಆದ್ರೆ ಈ ಮಕ್ಕಳು ಏನು ಮಾಡಿದ್ರು? ಇವರಾಗ ಹುಟ್ಟೇ ಇರಲಿಲ್ಲವಲ್ಲೋ’ ಅಂದರು.

ನಾನು ಎಷ್ಟು ಪುಟ ಬರೆದರೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಈ ಸಿನಿಮಾಗಳಲ್ಲಿ ಅನ್ಯಾಯವನ್ನು ನೆನಪಿಟ್ಟುಕೊಂಡವನು ಕೊಲೆಗಾರನೊಬ್ಬನೇ. ಮಿಕ್ಕವರೆಲ್ಲ ಮರೆತು, ಓದು ಮುಗಿಸಿ, ಪಾರ್ಟಿ ಮಾಡಿಕೊಂಡು ಹಾಯಾಗಿದ್ದಾರೆ. ಶೆಟ್ಟರ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಅವನ ಹತ್ತಿರ ಎಲ್ಲ ಬರೆದಿಟ್ಟಿದೆ. ವಸೂಲಿಗೆ ಹೋಗುವ ಮನೆ ಮಾತ್ರ ತಪ್ಪು. ‘ದ ಬರ್ನಿಂಗ್’ನ ಕಾವಲುಗಾರನ ಕತ್ತರಿಗೆ ಸಿಕ್ಕವರು ಬೇರೆಯೇ ಶಿಬಿರದ ಮಕ್ಕಳು. ‘ಮೈ ಬ್ಲಡಿ ವ್ಯಾಲೆಂಟೈನ್’ನಲ್ಲಂತೂ ಎರಡನೇ ಸಲ ಗುದ್ದಲಿ ಹಿಡಿದವನು ಹ್ಯಾರಿ ಅಲ್ಲವೇ ಅಲ್ಲ, ಹ್ಯಾರಿ ಕೊಂದ ಮೇಲ್ವಿಚಾರಕನ ಮಗ. ಅಪ್ಪನನ್ನು ಕೊಂದವನ ಹಗೆ ಮಗನ ಮೈಗೇ ಅಂಟಿತು.

ಇದು ಹಾಲಿವುಡ್ಡಿನವರು ಕಂಡುಹಿಡಿದ ಕತೆಯೂ ಅಲ್ಲ. ಮಹಾಭಾರತದ ಸೌಪ್ತಿಕ ಪರ್ವವನ್ನು ಒಂದು ಸಲ ಈ ಕಣ್ಣಿನಿಂದ ಓದಿ. ನಡುರಾತ್ರಿ, ಮಲಗಿದ ಶಿಬಿರ, ಮೋಸದಿಂದ ಸತ್ತ ತಂದೆಗಾಗಿ ಕುದಿಯುತ್ತಿರುವ ಅಶ್ವತ್ಥಾಮ ಒಬ್ಬನೇ ಒಳಗೆ ನುಗ್ಗುತ್ತಾನೆ. ತಪ್ಪಿಸಿಕೊಂಡು ಓಡಿ ಬಂದವರನ್ನು ಮುಗಿಸಲು ಕೃಪ, ಕೃತವರ್ಮರು ಬಾಗಿಲಲ್ಲಿ ನಿಂತಿದ್ದಾರೆ. ಧೃಷ್ಟದ್ಯುಮ್ನ ಸತ್ತದ್ದು ಲೆಕ್ಕಕ್ಕೆ ಸರಿ ಅನ್ನೋಣ. ದ್ರೌಪದಿಯ ಐವರು ಮಕ್ಕಳು ಯಾರಿಗೆ ಏನು ಮಾಡಿದ್ದರು? ದೂರು ನ್ಯಾಯವಾದದ್ದು, ಶಿಕ್ಷೆ ಅನ್ಯಾಯದ್ದು. ಎರಡೂ ಒಟ್ಟಿಗೇ ನಿಜವಾದಾಗ ನೋಡುವವನಿಗೆ ಯಾವ ಕಡೆ ನಿಲ್ಲಬೇಕೆಂದು ತೋಚುವುದಿಲ್ಲ. ಹೆದರಿಕೆ ಬರುವುದು ಆಗಲೇ, ಕತ್ತಿ ಕಂಡಾಗಲ್ಲ.

ವಿಮರ್ಶಕರು ಆಗ ಇದನ್ನೆಲ್ಲ ನೋಡುವ ತಾಳ್ಮೆಯಲ್ಲಿರಲಿಲ್ಲ. ಚಿಕಾಗೋದ ಜೀನ್ ಸಿಸ್ಕೆಲ್‌ಗೆ ‘ಫ್ರೈಡೇ ದ ಥರ್ಟೀನ್ತ್’ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ವಿಮರ್ಶೆಯಲ್ಲೇ ಕೊಲೆಗಾರ್ತಿ ಯಾರೆಂದು ಬಿಟ್ಟುಕೊಟ್ಟು, ಆ ಪಾತ್ರ ಮಾಡಿದ ಬೆಟ್ಸಿ ಪಾಮರ್‌ಗೆ ಕಾಗದ ಬರೆದು ಬೈಯಿರಿ ಎಂದು ಓದುಗರನ್ನು ಹುರಿದುಂಬಿಸಿದ. ಆಯಮ್ಮ ಪಾತ್ರ ಒಪ್ಪಿಕೊಂಡದ್ದು ಹೊಸ ಕಾರು ಕೊಳ್ಳಲು ದುಡ್ಡು ಬೇಕಿತ್ತು ಅಂತ. ಸಿಸ್ಕೆಲ್‌ನ ವಸೂಲಿಯೂ ತಪ್ಪು ಮನೆಗೇ ಹೋಯಿತು. ಮುಂದೆ ಕ್ಯಾರಲ್ ಕ್ಲೋವರ್ ಎಂಬ ವಿದ್ವಾಂಸೆ ಕಡೆಗೆ ಉಳಿಯುವ ಒಬ್ಬ ಹುಡುಗಿಯ ಬಗ್ಗೆ ಬರೆದ ಮೇಲೆ ವಿಶ್ವವಿದ್ಯಾಲಯಗಳೂ ಈ ಸಿನಿಮಾಗಳಿಗೆ ಕುರ್ಚಿ ಹಾಕಿದವು. ಆ ಪಾಂಡಿತ್ಯ ಇರಲಿ, ನಮ್ಮದು ಹರಟೆ.

2008ರಲ್ಲಿ ‘ಪ್ರಾಮ್ ನೈಟ್’ ಮತ್ತೆ ಬಂತು. ಹೆಸರು ಅದೇ, ದುಡ್ಡು ಎಷ್ಟೋ ಪಟ್ಟು, ಎಲ್ಲ ಥಳಥಳ. ಕಿಟಕಿಯಿಂದ ಬಿದ್ದ ಹುಡುಗಿಯನ್ನು ಮಾತ್ರ ಕೈಬಿಟ್ಟರು. ವಿದ್ಯಾರ್ಥಿನಿಯ ಮೇಲೆ ಹುಚ್ಚು ಮೋಹ ಹಚ್ಚಿಕೊಂಡ ಮೇಷ್ಟರೊಬ್ಬ ಈಗ ಕೊಲೆಗಾರ. ಚಿಕ್ಕಮ್ಮನೂ ಸ್ವಲ್ಪ ಹೊತ್ತು ನೋಡಿದರು.

‘ಇವನಿಗೆ ಯಾರು ಏನು ಮಾಡಿದ್ರಂತೆ?’

‘ಯಾರೂ ಏನೂ ಮಾಡಿಲ್ಲ ಚಿಕ್ಕಮ್ಮ.’

‘ಹಾಗಾದ್ರೆ ಪೊಲೀಸ್ನೋರಿಗೆ ಹೇಳಿ ಒಳಗೆ ಹಾಕ್ಸೋದು ಬಿಟ್ಟು ಇದನ್ನ ಸಿನಿಮಾ ಯಾಕೆ ಮಾಡಿದ್ರು?’ ಎಂದು ರಿಮೋಟು ಎತ್ತಿಕೊಂಡು ಧಾರಾವಾಹಿ ಹಾಕಿದರು. ಅದರಲ್ಲಿ ಅತ್ತೆಯೊಬ್ಬಳು ಮದುವೆಯ ದಿನ ಆದ ಅವಮಾನವನ್ನು ಸಾವಿರದ ಚಿಲ್ಲರೆ ಕಂತು ಕಳೆದರೂ ಮರೆತಿರಲಿಲ್ಲ.